ಶಾಸಕರು ಕಾನೂನು ತರಿಸ್ತೀನಿ ಅಂದಿದ್ದಾರೆ, ನಂಬಬಹುದಾ?

ತಾಲ್ಲೂಕು ಕೇಂದ್ರವೊಂದರಲ್ಲಿ ಬೇಕರಿ ನಡೆಸುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು, ಊರು ಬೇಡ ಎಂದಿದ್ದಾರೆ. ಸ್ವಲ್ಪ ಮೊಟಕು ಮಾಡಿ ಕೊಡುತ್ತಿದ್ದೇನೆ.

"ನಮ್ಮ ಬೀದಿಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಹೋದ ತಿಂಗಳು ಯಾರೋ ವಿಷ ಬೆರೆಸಿದ ಮಾಂಸ ಹಾಕಿದರು, ಸತ್ತುಹೋಯಿತು. ಅಂಗಡಿಯ ಕ್ಯಾಮೆರಾದಲ್ಲಿ ಮುಖ ಕಾಣುತ್ತದೆ. ಠಾಣೆಗೆ ಹೋದರೆ 'ಐವತ್ತು ರೂಪಾಯಿ ಫೈನ್ ಕೇಸಿಗೆ ಯಾಕ್ರೀ ಓಡಾಡ್ತೀರಾ' ಅಂದರು. ಇನ್ನೊಂದು ವಿಷಯ. ನಮ್ಮ ತಂದೆ ಇಲ್ಲ. ತಾಯಿಗೆ 71 ವರ್ಷ. ನಾಲ್ಕು ವರ್ಷದ ಹಿಂದೆ ಮನೆಯನ್ನು ಅಣ್ಣನಿಗೆ ಗಿಫ್ಟ್ ಡೀಡ್ ಮಾಡಿಕೊಟ್ಟರು. ಈಗ ಅಣ್ಣ ನೋಡಿಕೊಳ್ಳುತ್ತಿಲ್ಲ, ಅಮ್ಮ ನಮ್ಮ ಜೊತೆ ಇದ್ದಾರೆ. ರೇಷನ್ ಕಾರ್ಡಿನಲ್ಲಿ ಹೆಸರು ಮಾತ್ರ ಅಣ್ಣನ ಮನೆಯಲ್ಲೇ ಇದೆ, ಅಲ್ಲಿ ಅತ್ತಿಗೆ ಯಜಮಾನಿ. ನಮ್ಮ ಕಾರ್ಡಿನಲ್ಲಿ ನನ್ನ ಹೆಂಡತಿ ಯಜಮಾನಿ. ನಾನು ಜಿಎಸ್‌ಟಿ ಕಟ್ಟುತ್ತೇನೆ ಅಂತ ಅವಳಿಗೆ ಗೃಹಲಕ್ಷ್ಮಿ ಬರುತ್ತಿಲ್ಲ. ಎಲ್ಲ ತೆರಿಗೆಯನ್ನೂ ಕಟ್ಟುವವರು ನಾವು, ಏನೂ ಸಿಗದವರೂ ನಾವೇ. ಮೊನ್ನೆ ಒಂದು ಕಾರ್ಯಕ್ರಮದಲ್ಲಿ ಶಾಸಕರಿಗೆ ಇದನ್ನೆಲ್ಲ ಹೇಳಿದೆ. 'ಮುಂದಿನ ಅಧಿವೇಶನದಲ್ಲಿ ಕಾನೂನೇ ತರಿಸ್ತೀನಿ ಬಿಡಿ' ಅಂದರು. ನಿಜವಾಗಿ ಅವರ ಕೈಯಲ್ಲಿ ಆಗುತ್ತದಾ? ಅವರ ಹತ್ತಿರ ಏನು ಕೇಳಬೇಕು? ಅಥವಾ ಸುಮ್ನೆ ಬಿಟ್ಟುಬಿಡಲಾ?"

ಬಿಡಬೇಡಿ. ಆದರೆ ಶಾಸಕರು ಹೇಳಿದ ಆ ಒಂದು ವಾಕ್ಯವನ್ನು ನಂಬಿಕೊಂಡು ಕೂರಲೂಬೇಡಿ. ನಾನು ವಕೀಲ. ಶಾಸಕರಿಗೆ ಮಸೂದೆಗಳ ಕರಡು ಬರೆದುಕೊಡುವ ಕೆಲಸವನ್ನೂ ಮಾಡಿದ್ದೇನೆ. ನಾಯಿ, ತಾಯಿ, ತೆರಿಗೆ ಈ ಮೂರರಲ್ಲೂ ಶಾಸಕರ ಕೈ ಬೇರೆ ಬೇರೆ ಅಳತೆಯಲ್ಲಿ ಕಟ್ಟಿದೆ. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಗೊತ್ತಾದರೆ ಅವರ ಹತ್ತಿರ ಏನು ಕೇಳಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಮೂರು ಸಮಸ್ಯೆಗಳಲ್ಲಿ ಒಂದಕ್ಕೂ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ.

ಮೊದಲು ನಾಯಿಯ ವಿಷಯ. ಇದಕ್ಕೆ ಗಡುವಿದೆ.

ಠಾಣೆಯವರು ಹೇಳಿದ ಐವತ್ತು ರೂಪಾಯಿ ಪೂರ್ತಿ ಸುಳ್ಳಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಶಕಗಳ ಹಿಂದೆ ಇಟ್ಟ ಮೊತ್ತವೇ ಇವತ್ತಿಗೂ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಜೈಲು ಶಿಕ್ಷೆ ಜಾಸ್ತಿ ಮಾಡುವ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಅದು ಕಾನೂನಾಗಲಿಲ್ಲ.

ಆದರೆ ಠಾಣೆಯಲ್ಲಿ ನಿಮಗೆ ಅರ್ಧ ಮಾತ್ರ ಹೇಳಿದ್ದಾರೆ. ನಾಯಿಗೆ ಹೊಡೆಯುವುದು ಬೇರೆ, ವಿಷ ಹಾಕಿ ಕೊಲ್ಲುವುದು ಬೇರೆ. ಬರೀ ಹೊಡೆದ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವ ಹಾಗಿಲ್ಲ. ಹಾಗಾಗಿ ಠಾಣೆಗಳಲ್ಲಿ ಎನ್‌ಸಿ, ಅಂದರೆ ನೇರವಾಗಿ ತನಿಖೆ ಮಾಡಲಾಗದ ದೂರು ಎಂದು, ಬರೆದು ಕಳಿಸುವುದು ರೂಢಿ. ಪ್ರಾಣಿಯನ್ನು ಕ್ರೂರವಾಗಿ ಕೊಂದರೆ ಅದೇ 11ನೇ ಸೆಕ್ಷನ್ನಿನ 'ಎಲ್' ಉಪವಾಕ್ಯ ಬರುತ್ತದೆ. ಬೀದಿನಾಯಿಯೂ ಸೇರುತ್ತದೆ ಎಂದು ಅಲ್ಲೇ ಬರೆದಿದೆ. ಅದು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ. ಇದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯ 428 ಮತ್ತು 429ರಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂಬ ಲೆಕ್ಕ ಇತ್ತು. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದ ಮೇಲೆ ಆ ಲೆಕ್ಕವೇ ಇಲ್ಲ.

ಹಾಗಾಗಿ ನಿಮ್ಮ ದೂರಿನಲ್ಲಿ ಎರಡನ್ನೂ ಬರೆಯಿರಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ಕ್ಯಾಮೆರಾದ ಮೂಲ ರೆಕಾರ್ಡಿಂಗ್ ಅಳಿಸಿಹೋಗುವ ಮೊದಲು ಪೂರ್ತಿ ತೆಗೆದಿಡಿ. ಬಹಳಷ್ಟು ಯಂತ್ರಗಳಲ್ಲಿ ಕೆಲವು ವಾರಗಳಾದ ಮೇಲೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಠಾಣೆಯಲ್ಲಿ ಎಫ್‌ಐಆರ್ ಮಾಡದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಸಮೇತ ಅರ್ಜಿ ಹಾಕಬಹುದು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173 ಮತ್ತು 175ನೇ ಸೆಕ್ಷನ್ನುಗಳಲ್ಲಿ ಈ ದಾರಿ ಇದೆ.

ಗಡುವು ಎಂದೆ. 1960ರ ಕಾಯ್ದೆಯ ಅಡಿಯ ಅಪರಾಧಕ್ಕೆ ಮೂರು ತಿಂಗಳೊಳಗೆ ಪ್ರಾಸಿಕ್ಯೂಷನ್ ಶುರುವಾಗಬೇಕು. ದಾಟಿದರೆ ಮುಗಿಯಿತು. ನಿಮ್ಮದು ಆಗಲೇ ಒಂದು ತಿಂಗಳು ಕಳೆದಿದೆ.

ತೊಡಕುಗಳನ್ನೂ ಹೇಳಬೇಕು. ಎದುರಿನ ವಕೀಲರು ಖಂಡಿತ ಎರಡು ವಾದ ಹೂಡುತ್ತಾರೆ. ಒಂದು, ನಾಯಿ ವಿಷದಿಂದಲೇ ಸತ್ತಿತು ಎಂಬುದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಎಲ್ಲಿ? ನೀವು ಪಶು ಆಸ್ಪತ್ರೆಗೆ ಒಯ್ಯದೆ ಹೂತಿದ್ದರೆ ಇದು ಕಷ್ಟ. ಆ ಮಾಂಸದ ತುಣುಕು, ವಾಂತಿಯ ಫೋಟೋ, ಕಂಡವರ ಹೇಳಿಕೆ, ಏನಿದ್ದರೂ ಸೇರಿಸಿ. ಇನ್ನೊಂದು, 325ನೇ ಸೆಕ್ಷನ್ ಇರುವುದು ಆಸ್ತಿಗೆ ನಷ್ಟ ಮಾಡುವ ಅಪರಾಧಗಳ ಗುಂಪಿನಲ್ಲಿ. ಬೀದಿನಾಯಿ ಯಾರ ಆಸ್ತಿ ಎಂದು ಕೇಳುತ್ತಾರೆ. ಆ ಸೆಕ್ಷನ್ ಒಬ್ಬ ವ್ಯಕ್ತಿಗೆ ಮಾತ್ರವಲ್ಲ, ಸಾರ್ವಜನಿಕರಿಗೆ ಆಗುವ ನಷ್ಟವನ್ನೂ ಒಳಗೊಳ್ಳುತ್ತದೆ ಎಂಬುದು ನಮ್ಮ ಉತ್ತರ. ಬೀದಿಯವರು ಸೇರಿ ಊಟ ಹಾಕಿ ಸಾಕುತ್ತಿದ್ದರು ಎಂದು ನಾಲ್ಕು ಜನ ಸಹಿ ಹಾಕಿಕೊಟ್ಟರೆ ಬಲ ಬರುತ್ತದೆ. ಗೆದ್ದೇ ಗೆಲ್ಲುತ್ತೀರಿ ಎಂದು ನಾನು ಹೇಳಲಾರೆ. ಕೇಸು ದಾಖಲಾದರೆ ಆ ಮನುಷ್ಯ ಮತ್ತೆ ವಿಷ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾನೆ, ಅಷ್ಟನ್ನು ಹೇಳಬಲ್ಲೆ.

ಇನ್ನು ಶಾಸಕರು. ಈ ಐವತ್ತು ರೂಪಾಯಿಯನ್ನು ನಮ್ಮ ವಿಧಾನಸಭೆ ಐವತ್ತು ಸಾವಿರ ಮಾಡಬಹುದಾ?

ಮಾಡಬಹುದು. 'ಅದು ಕೇಂದ್ರದ ಕಾಯ್ದೆ, ನಮ್ಮ ಕೈಯಲ್ಲಿ ಏನೂ ಇಲ್ಲ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವುದು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, 17ನೇ ನಮೂದು. ಅಂದರೆ ಸಂಸತ್ತೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಎರಡಕ್ಕೂ ಜಗಳ ಬಂದರೆ ಕೇಂದ್ರದ್ದೇ ಗೆಲ್ಲುತ್ತದೆ. ರಾಜ್ಯದ ಮಸೂದೆಗೆ ರಾಷ್ಟ್ರಪತಿ ಅಂಕಿತ ಹಾಕಿದರೆ ಮಾತ್ರ ಆ ರಾಜ್ಯದ ಮಟ್ಟಿಗೆ ರಾಜ್ಯದ್ದು ನಿಲ್ಲುತ್ತದೆ. 254ನೇ ವಿಧಿ ಹೇಳುವುದು ಇದನ್ನೇ.

ಇದು ಬರೀ ಪುಸ್ತಕದ ಮಾತಲ್ಲ. ಇದೇ 1960ರ ಕಾಯ್ದೆಯನ್ನು ಕರ್ನಾಟಕ ತಿದ್ದಿದೆ, ಕಂಬಳಕ್ಕಾಗಿ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಜಲ್ಲಿಕಟ್ಟನ್ನು ನಿಷೇಧಿಸುವ ತೀರ್ಪು ಕೊಟ್ಟಿತು. ಅದರ ಬಿಸಿ ಕರಾವಳಿಯ ಕಂಬಳಕ್ಕೂ ತಟ್ಟಿ, 2016ರ ಕೊನೆಗೆ ಹೈಕೋರ್ಟ್ ತಡೆ ಬಂತು. 2017ರ ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ಪಾಸು ಮಾಡಿತು. ದೆಹಲಿಯಿಂದ ಪ್ರಶ್ನೆಗಳು ಬಂದವು. ಜುಲೈನಲ್ಲಿ ಸುಗ್ರೀವಾಜ್ಞೆ ಹೊರಟಿತು, ನವೆಂಬರ್‌ನಲ್ಲಿ ಮತ್ತೊಂದು ಮಸೂದೆ ಪಾಸಾಯಿತು, 2018ರ ಆರಂಭದಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆ ನಮ್ಮದನ್ನೂ ಎತ್ತಿಹಿಡಿಯಿತು.

ಕಂಬಳ ಸರಿಯೋ ತಪ್ಪೋ ಎಂಬ ಚರ್ಚೆ ನನಗಿಲ್ಲಿ ಬೇಡ. ನಾನು ತೋರಿಸಬೇಕಾದ್ದು ಬೇರೆ. ಇಡೀ ಕರಾವಳಿಯ ಜನ ಬೀದಿಗಿಳಿದು, ಎಲ್ಲ ಪಕ್ಷದ ಶಾಸಕರೂ ಒಂದಾಗಿ, ಸರ್ಕಾರವೇ ಮುಂದೆ ನಿಂತು ಮಾಡಿದ ಕೆಲಸಕ್ಕೆ ಒಂದು ವರ್ಷ ಹಿಡಿಯಿತು. ಅಂಥ ಒತ್ತಡ ಇಲ್ಲದ ತಿದ್ದುಪಡಿಗೆ ಎಷ್ಟು ಕಾಲ ಬೇಕಾದೀತು ಎಂದು ನೀವೇ ಊಹಿಸಿ. ಕಾಯ್ದೆಯನ್ನು ಹಾಗೆ ಬಿಚ್ಚಿ ತಿದ್ದಿದಾಗಲೂ ಆ ಐವತ್ತು ರೂಪಾಯಿಯ ಸಾಲನ್ನು ಯಾರೂ ಮುಟ್ಟಲಿಲ್ಲ. ನನಗೆ ಇದು ಇವತ್ತಿಗೂ ಬೇಸರದ ವಿಷಯ. ಇದೇ ರಾಜ್ಯದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ ಇದೆ. ಅಂದರೆ ದೊಡ್ಡ ಶಿಕ್ಷೆ ಬರೆಯಲು ಸದನಕ್ಕೆ ಗೊತ್ತಿಲ್ಲ ಎಂದಲ್ಲ. ಯಾವ ವಿಷಯಕ್ಕೆ ಮತ ಇದೆಯೋ ಅದಕ್ಕೆ ಬರೆಯುತ್ತಾರೆ.

ನಿಮ್ಮ ಶಾಸಕರು ಸರ್ಕಾರದ ಮಂತ್ರಿಯಲ್ಲದಿದ್ದರೆ ಅವರಿಗೆ ಉಳಿದ ದಾರಿ ಖಾಸಗಿ ಸದಸ್ಯರ ಮಸೂದೆ. ಇದು ಪಾಸಾಗುವುದು ತೀರಾ ಅಪರೂಪ. ಸಂಸತ್ತಿನಲ್ಲಿ 1952ರಿಂದ ಇಲ್ಲಿಯವರೆಗೆ ಕಾನೂನಾದ ಇಂಥ ಮಸೂದೆಗಳು ಬರೀ 14, ಕೊನೆಯದು 1970ರಲ್ಲಿ. ಹಾಗಂತ ಅದು ವ್ಯರ್ಥ ಎಂದುಕೊಳ್ಳಬೇಡಿ. ಈ 1960ರ ಕಾಯ್ದೆಯೇ ಹುಟ್ಟಿದ್ದು ಅಂಥದ್ದೊಂದು ಮಸೂದೆಯಿಂದ. ನೃತ್ಯಗಾತಿ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆಯಾಗಿದ್ದಾಗ ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಕಾನೂನು ತರುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ಕೆಲವು ವರ್ಷದ ಮೇಲೆ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಶುರುವಾದಾಗ ಅವರೇ ಮೊದಲ ಅಧ್ಯಕ್ಷೆ. ಮಸೂದೆ ಸೋತರೂ ಅದು ಸರ್ಕಾರದಿಂದ ಒಂದು ಮಾತನ್ನು ಸದನದ ಕಡತದೊಳಗೆ ಹಾಕಿಸಿತಲ್ಲ, ಲಾಭ ಇರುವುದು ಅಲ್ಲಿ.

ಈಗ ನಿಮ್ಮ ತಾಯಿಯ ವಿಷಯ. ಪತ್ರದಲ್ಲಿ ಇದನ್ನು 'ಇನ್ನೊಂದು ವಿಷಯ' ಎಂದು ಬರೆದಿದ್ದೀರಿ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

'ಗಿಫ್ಟ್ ಡೀಡ್ ರಿಜಿಸ್ಟರ್ ಆದ ಮೇಲೆ ಮುಗಿಯಿತು, ವಾಪಸ್ ಬರುವುದಿಲ್ಲ' ಎಂಬ ಮಾತು ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತ ಪತ್ರ ಬರಹಗಾರರಿಂದ ಹಿಡಿದು ನೆಂಟರವರೆಗೆ ಎಲ್ಲರ ಬಾಯಲ್ಲೂ ಇದೆ. ಅರವತ್ತು ದಾಟಿದವರ ಮಟ್ಟಿಗೆ ಅದು ನಿಜವಲ್ಲ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ನೋಡಿ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ಮೋಸದಿಂದ ಆದದ್ದು ಎಂದು ಭಾವಿಸಿ ರದ್ದು ಮಾಡಬಹುದು. ಮಾಡುವವರು ಉಪವಿಭಾಗಾಧಿಕಾರಿ, ನಾವು ಎಸಿ ಎನ್ನುತ್ತೇವಲ್ಲ, ಅವರ ಮುಂದಿನ ನ್ಯಾಯಮಂಡಳಿ. ಮೇಲ್ಮನವಿ ಡಿಸಿಗೆ.

ಎಲ್ಲ ನಿಂತಿರುವುದು ಆ ಷರತ್ತಿನ ಮೇಲೆ. ಗಿಫ್ಟ್ ಡೀಡಿನ ನಕಲು ತರಿಸಿ ಸಾಲು ಸಾಲು ಓದಿ. 'ನನ್ನ ಜೀವಮಾನ ಪರ್ಯಂತ ಪೋಷಿಸತಕ್ಕದ್ದು' ಎಂಬಂಥ ಮಾತಿದ್ದರೆ ನಿಮ್ಮ ಕೈ ಗಟ್ಟಿ. ಬರೀ 'ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ' ಎಂದಷ್ಟೇ ಇದ್ದರೆ ಕಷ್ಟ. ಷರತ್ತು ಇದ್ದೇ ಇರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸುದೇಶ್ ಛಿಕ್ಕಾರ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಈ ಕಾಯ್ದೆ ಇರುವುದೇ ಹಿರಿಯರಿಗಾಗಿ, ಹಾಗಾಗಿ ಉದಾರವಾಗಿ ಓದಬೇಕು ಎಂದು ತಾಯಿಯ ಪರ ತೀರ್ಪು ಬಂತು. ಅಲ್ಲಿ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಪ್ರತ್ಯೇಕ ಕಾಗದ ಇತ್ತು. ನಿಮ್ಮಣ್ಣ ಆಗ ಏನಾದರೂ ಬರೆದುಕೊಟ್ಟಿದ್ದರೆ ಹುಡುಕಿ, ವಾಟ್ಸಾಪ್ ಮಾತಾದರೂ ಸರಿ.

ಇದರಲ್ಲಿ ಅಪಾಯವೂ ಇದೆ. ಅರ್ಜಿ ಹಾಕಬೇಕಾದವರು ತಾಯಿ, ನೀವಲ್ಲ. 71 ವರ್ಷದ ತಾಯಿ ಎಸಿ ಕಚೇರಿಯಲ್ಲಿ ಹಿರಿಯ ಮಗನ ಎದುರು ನಿಂತು ಹೇಳಬೇಕಾಗುತ್ತದೆ. ಎಷ್ಟೋ ತಾಯಂದಿರು ಆ ಬಾಗಿಲವರೆಗೆ ಬಂದು ವಾಪಸ್ ಹೋದದ್ದನ್ನು ಕಂಡಿದ್ದೇನೆ. 'ನನ್ನ ತಮ್ಮ ಆಸ್ತಿಗಾಗಿ ಅಮ್ಮನನ್ನು ಎತ್ತಿಕಟ್ಟಿದ್ದಾನೆ' ಎಂದು ಅಣ್ಣ ಹೇಳುತ್ತಾನೆ, ಅದಕ್ಕೂ ಸಿದ್ಧರಿರಿ. ಮನೆ ವಾಪಸ್ ಬೇಡ, ತಿಂಗಳ ಖರ್ಚು ಸಾಕು ಎಂದು ತಾಯಿಗೆ ಅನಿಸಿದರೆ ಅದೇ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳಬಹುದು. ಆದರೆ ತಿಂಗಳಿಗೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ಸಿಗದು. ಆ ಮಿತಿ ಕೇಂದ್ರದ ಕಾಯ್ದೆಯಲ್ಲೇ ಇದೆ. ಅದನ್ನು ತೆಗೆಯುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಪಾಸಾಗಲಿಲ್ಲ. ತಾಯಿಯ ಮನಸ್ಸು ಏನು ಎಂದು ಮೊದಲು ಕೂತು ಕೇಳಿ. ಆ ಮೇಲೆ ಅರ್ಜಿ.

ಇಲ್ಲಿ ಶಾಸಕರ ಪಾತ್ರ ಏನು? ಕುಟುಂಬದ ವಿಷಯದಲ್ಲೂ ರಾಜ್ಯಕ್ಕೆ ಅಧಿಕಾರ ಇದೆ. ಮದುವೆ, ವಿಚ್ಛೇದನ, ಉಯಿಲು, ಉತ್ತರಾಧಿಕಾರ, ಅವಿಭಕ್ತ ಕುಟುಂಬ ಎಲ್ಲ ಸಮವರ್ತಿ ಪಟ್ಟಿಯ 5ನೇ ನಮೂದು. ಈ ವಿಷಯದಲ್ಲಿ ನಮ್ಮ ಹಿಂದಿನವರು ನಿಜಕ್ಕೂ ಮುಂದಿದ್ದರು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ಮಸೂದೆಯನ್ನು ಕರ್ನಾಟಕ 1990ರಲ್ಲಿ ಪಾಸು ಮಾಡಿತು. ಅಂಕಿತ ಬಿದ್ದು ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ನಾಲ್ಕು ವರ್ಷ! ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಆ ಕಾಯ್ದೆಯಲ್ಲಿ ಪಾಲಿರಲಿಲ್ಲ. ಅಂದರೆ ಕಡತ ತಡವಾದ ಆ ನಾಲ್ಕು ವರ್ಷದಲ್ಲಿ ಮದುವೆಯಾಗಿ ಹೋದವರೆಲ್ಲ ಹೊರಗೆ ಉಳಿದರು. ಇಡೀ ದೇಶಕ್ಕೆ ಕೇಂದ್ರ ಅದನ್ನು ಮಾಡಿದ್ದು 2005ರಲ್ಲಿ. ಹತ್ತಿರದ ಉದಾಹರಣೆ ಬೇಕಿದ್ದರೆ ಬಾಲ್ಯವಿವಾಹ. ಕೇಂದ್ರದ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ಆ ಮಗುವೇ ಮುಂದೆ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಅದು ಮೊದಲಿನಿಂದಲೇ ಮದುವೆಯೇ ಅಲ್ಲ.

ಹಾಗಾಗಿ 23ನೇ ಸೆಕ್ಷನ್ನಿನ ಷರತ್ತಿನ ತೊಡಕನ್ನು ತೆಗೆಯುವ, ಹತ್ತು ಸಾವಿರದ ಮಿತಿಯನ್ನು ಏರಿಸುವ ತಿದ್ದುಪಡಿಯನ್ನು ರಾಜ್ಯ ಯೋಚಿಸಬಹುದು. ಮಂಜೂರಾಗಲು ದೆಹಲಿಗೆ ಹೋಗಲೇಬೇಕು. ನಿಮ್ಮ ತಾಯಿಯ ಕೇಸಿಗೆ ಅದು ಒದಗುವುದಿಲ್ಲ ಎಂದಿಟ್ಟುಕೊಳ್ಳಿ. ಎಸಿ ಕಚೇರಿಯಲ್ಲಿ ಇಂಥ ಅರ್ಜಿಗಳು ಎಷ್ಟು ದಿನದಿಂದ ಕೊಳೆಯುತ್ತಿವೆ ಎಂದು ಸದನದಲ್ಲಿ ಕೇಳುವುದು ಮಾತ್ರ ಮುಂದಿನ ಅಧಿವೇಶನದಲ್ಲೇ ಆಗುವ ಕೆಲಸ. ನೋಟಿಸ್ ಕೊಟ್ಟ ಮೇಲೆ ಜೀವನಾಂಶದ ಅರ್ಜಿಯನ್ನು 90 ದಿನದಲ್ಲಿ ಮುಗಿಸಬೇಕು, ವಿಶೇಷ ಕಾರಣ ಇದ್ದರೆ ಇನ್ನೊಂದು 30 ದಿನ, ಎಂದು ಕಾಯ್ದೆಯೇ ಹೇಳುತ್ತದೆ.

ಒಂದು ಎಚ್ಚರಿಕೆ. ಎಸಿಗೆ ಫೋನ್ ಮಾಡಿ ಎಂದು ಶಾಸಕರನ್ನು ಕೇಳಬೇಡಿ. ಠಾಣೆಗೂ ಅಷ್ಟೇ. ಎಸಿ ಅಲ್ಲಿ ನ್ಯಾಯಮಂಡಳಿಯಾಗಿ ಕೂತಿರುತ್ತಾರೆ. ಇವತ್ತು ನಿಮ್ಮ ಪರ ಬಂದ ಫೋನು ನಾಳೆ ಹೈಕೋರ್ಟಿನಲ್ಲಿ ಅಣ್ಣನ ವಕೀಲರ ಕೈಯಲ್ಲಿ ಒಳ್ಳೆಯ ಅಸ್ತ್ರವಾಗುತ್ತದೆ.

ತೆರಿಗೆಗೆ ಬರೋಣ. ಇಲ್ಲಿ ಜನಕ್ಕೆ ತಪ್ಪು ತಿಳಿವಳಿಕೆ ಜಾಸ್ತಿ, ಶಾಸಕರಿಗೂ ಕಡಿಮೆ ಇಲ್ಲ.

ತೆರಿಗೆ ಮಸೂದೆಯನ್ನು ಒಬ್ಬ ಸಾಮಾನ್ಯ ಶಾಸಕರು ತಾವಾಗಿ ಮಂಡಿಸುವ ಹಾಗಿಲ್ಲ. 207ನೇ ವಿಧಿಯ ಪ್ರಕಾರ ರಾಜ್ಯಪಾಲರ ಶಿಫಾರಸು ಬೇಕು. ಅದು ಬರುವುದು ಸಂಪುಟದ ಮೂಲಕ. ಸರ್ಕಾರದ ತೆರಿಗೆ ಮಸೂದೆ ಚರ್ಚೆಗೆ ಬಂದಾಗ 'ಇದನ್ನು ಇಳಿಸಿ' ಎಂದು ತಿದ್ದುಪಡಿ ಸೂಚಿಸಲು ಮಾತ್ರ ಶಿಫಾರಸು ಬೇಡ. ವಿಧಾನ ಪರಿಷತ್ತಿಗೆ ಇಲ್ಲಿ ಇನ್ನೂ ಕಡಿಮೆ ಬಲ. ಹಣಕಾಸು ಮಸೂದೆಯನ್ನು ಹದಿನಾಲ್ಕು ದಿನದಲ್ಲಿ ವಾಪಸ್ ಕಳಿಸಬೇಕು, ಅಷ್ಟೇ.

ಬಹಳಷ್ಟು ತೆರಿಗೆಗಳು ಸದನದಲ್ಲಿ ಮತಕ್ಕೆ ಬರದೆಯೇ ಏರುತ್ತವೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಹೋಯಿತು. ಅದು ಅಧಿಸೂಚನೆಯಿಂದ. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು. ಅದೂ ಅಧಿಸೂಚನೆಯಿಂದಲೇ. ಕಾನೂನು ಒಮ್ಮೆ ಸರ್ಕಾರಕ್ಕೆ ಆ ಅಧಿಕಾರ ಕೊಟ್ಟ ಮೇಲೆ ಶಾಸಕರು ಕೂಡ ಪತ್ರಿಕೆಯಲ್ಲೇ ಓದುತ್ತಾರೆ. ಇನ್ನೊಂದು ಬದಿಗೆ, ವೃತ್ತಿ ತೆರಿಗೆಯಂಥದ್ದನ್ನು ರಾಜ್ಯ ಎಷ್ಟು ಬೇಕಾದರೂ ಏರಿಸಲಾಗದು, ವರ್ಷಕ್ಕೆ 2,500 ರೂಪಾಯಿ ಎಂದು ಸಂವಿಧಾನವೇ ಗೆರೆ ಹಾಕಿದೆ. ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇರುವವರಿಗೆ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300 ಎಂಬ ವಿಚಿತ್ರ ಲೆಕ್ಕ ಇದೆಯಲ್ಲ, ಅದು ಸರಿಯಾಗಿ ಆ ಗೆರೆಯನ್ನು ಮುಟ್ಟಲು ಮಾಡಿದ್ದು.

ಜಿಎಸ್‌ಟಿ ದರ ಇಳಿಸುವುದು ಶಾಸಕರ ಕೈಯಲ್ಲೂ ಇಲ್ಲ, ಮುಖ್ಯಮಂತ್ರಿಯ ಕೈಯಲ್ಲೂ ಇಲ್ಲ. ಅದನ್ನು ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಮತದ ತೂಕದಲ್ಲಿ ಮೂರರಲ್ಲಿ ಒಂದು ಪಾಲು ಕೇಂದ್ರದ್ದು, ಎಲ್ಲ ರಾಜ್ಯಗಳದ್ದು ಸೇರಿ ಎರಡು ಪಾಲು, ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಲೆಕ್ಕ ಹಾಕಿ ನೋಡಿ, ಕೇಂದ್ರ ಬೇಡ ಎಂದರೆ ಏನೂ ಆಗದು. ಆದರೆ ವಸೂಲಿಯ ರೀತಿ ರಾಜ್ಯದ ಕೈಯಲ್ಲಿದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನಿಮಗೆ ನೆನಪಿರಬೇಕು, ಬೇಕರಿ ಮತ್ತು ಹಾಲಿನ ಅಂಗಡಿಯವರೇ ಬೀದಿಗಿಳಿದಿದ್ದರು. ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ತೆರಿಗೆ ವಿನಾಯಿತಿ ಇರುವ ವಸ್ತು ಮಾರುವವರ ಮೇಲಿನ ನೋಟಿಸ್ ಕೈಬಿಡುವುದಾಗಿ ಹೇಳಿದರು. ಕಾನೂನಿನ ಒಂದಕ್ಷರವೂ ಬದಲಾಗದೆ ಆದ ಕೆಲಸ ಅದು.

ನಿಮ್ಮ ಗೃಹಲಕ್ಷ್ಮಿಯ ಪ್ರಶ್ನೆ ಇರುವುದೂ ಇಂಥ ಜಾಗದಲ್ಲೇ. ಗೃಹಲಕ್ಷ್ಮಿ ಸರ್ಕಾರಿ ಆದೇಶದಿಂದ ನಡೆಯುವ ಯೋಜನೆ. ಹಾಗಾಗಿ 'ಕಾನೂನು ತಿದ್ದಿ' ಎಂಬ ಮಾತು ಇಲ್ಲಿ ಬರುವುದೇ ಇಲ್ಲ. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆಯನ್ನೋ ಜಿಎಸ್‌ಟಿಯನ್ನೋ ಕಟ್ಟುವವರಾಗಿದ್ದರೆ 2,000 ರೂಪಾಯಿ ಸಿಗದು ಎಂಬುದು ಷರತ್ತು. ನೀವು ರಾಜಿ ತೆರಿಗೆಯಲ್ಲಿ (ಸಣ್ಣ ವ್ಯಾಪಾರಿಗಳಿಗೆ ಇರುವ ಕಾಂಪೋಸಿಷನ್ ಪದ್ಧತಿ) ಶೇ 1 ಕಟ್ಟುತ್ತಿದ್ದರೂ ಜಿಎಸ್‌ಟಿ ಕಟ್ಟುವವರೇ. ಆದ್ದರಿಂದ ನಿಮ್ಮ ಹೆಂಡತಿಗೆ ಸಿಗದಿರುವುದು ಆದೇಶದ ಪ್ರಕಾರ ಸರಿ. ನ್ಯಾಯವೇ ಎಂದು ಕೇಳಿದರೆ ನನಗೂ ಅನುಮಾನ ಇದೆ. ವರ್ಷಕ್ಕೆ ಐವತ್ತು ಲಕ್ಷ ವಹಿವಾಟು ಮಾಡಿ ಎರಡು ಮೂರು ಲಕ್ಷ ಉಳಿಸುವ ಬೇಕರಿಯವರೂ, ಕೋಟಿ ಲಾಭ ಮಾಡುವವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ಶಾಸಕರ ಹತ್ತಿರ ಕೇಳಿ. ಬಜೆಟ್‌ಗೆ ಮೊದಲು ಕೇಳಿದರೆ ಇನ್ನೂ ಒಳ್ಳೆಯದು.

ಆದರೆ ತಾಯಿಯ ಲೆಕ್ಕ ಬೇರೆ. ಮಗ ತೆರಿಗೆ ಕಟ್ಟುತ್ತಾನೆ ಎಂಬುದು ಆ ಷರತ್ತಿನಲ್ಲಿ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎನ್ನುತ್ತದೆ. ತಾಯಿ ನಿಜವಾಗಿ ನಿಮ್ಮ ಮನೆಯಲ್ಲೇ ಇದ್ದಾರೆ ಎಂದ ಮೇಲೆ ಅವರ ಹೆಸರನ್ನು ಅಣ್ಣನ ಕಾರ್ಡಿನಿಂದ ತೆಗೆಸಿ ನಿಮ್ಮದಕ್ಕೆ ಸೇರಿಸಿ, ಯಜಮಾನಿ ಎಂದು ಬದಲಿಸಲು ಆಹಾರ ಇಲಾಖೆಗೆ ಅರ್ಜಿ ಕೊಡಿ. ಆಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಗೃಹಲಕ್ಷ್ಮಿಗೆ ಅರ್ಜಿ. ಇದರಲ್ಲಿ ಕಳ್ಳಾಟ ಏನೂ ಇಲ್ಲ. ಒಂದು ಮಾತ್ರ ನೋಡಿಕೊಳ್ಳಿ. ನಿಮ್ಮದು ಬಿಪಿಎಲ್ ಕಾರ್ಡ್ ಆಗಿದ್ದರೆ, ತೆರಿಗೆ ಕಟ್ಟುವ ಮನೆಗೆ ಅದು ಹೇಗೆ ಬಂತು ಎಂಬ ಪ್ರಶ್ನೆ ತಿದ್ದುಪಡಿಯ ಹೊತ್ತಿಗೆ ಏಳಬಹುದು. ಎಪಿಎಲ್ ಆಗಿದ್ದರೆ ಚಿಂತೆ ಇಲ್ಲ, ಗೃಹಲಕ್ಷ್ಮಿಗೆ ಅದೂ ನಡೆಯುತ್ತದೆ.

ಕೊನೆಗೆ, ಶಾಸಕರ ಹತ್ತಿರ ಹೋಗುವ ರೀತಿ. ಮದುವೆ ಮನೆಯಲ್ಲಿ, ವೇದಿಕೆ ಕೆಳಗೆ ಹೇಳಿದ ಮಾತು ಅಲ್ಲೇ ಉಳಿಯುತ್ತದೆ. ಅವರ ಆಪ್ತ ಸಹಾಯಕರ ಕೈಗೆ ಒಂದು ಪುಟದ ಕಾಗದ ಕೊಡಿ. ಅದರಲ್ಲಿ ಭಾಷಣ ಬೇಡ, ಸದನದಲ್ಲಿ ಹಾಗೇ ಕೇಳಬಹುದಾದ ಪ್ರಶ್ನೆ ಇರಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಅಂಕಿಅಂಶ ಬೇಕಾದರೆ ಚುಕ್ಕೆ ಇಲ್ಲದ್ದೇ ಒಳ್ಳೆಯದು. ಮಂತ್ರಿ ಸದನದಲ್ಲಿ 'ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇವೆ' ಎಂದರೆ ಅದನ್ನು ಬೆನ್ನುಹತ್ತಲು ಭರವಸೆಗಳ ಸಮಿತಿ ಇದೆ. ಬಹಳ ಶಾಸಕರು ಅದನ್ನು ಬಳಸುವುದೇ ಇಲ್ಲ.

ನಿಮ್ಮ ಕೆಲಸ ಸುಲಭವಾಗಲಿ ಎಂದು ಪ್ರಶ್ನೆಗಳನ್ನು ನಾನೇ ಬರೆದುಕೊಡುತ್ತೇನೆ.

ಪಶುಸಂಗೋಪನಾ ಸಚಿವರಿಗೆ: 2001ರ ನಿಯಮಗಳ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಪ್ರಾಣಿ ದಯಾ ಸಂಘ ರಚನೆಯಾಗಿದೆಯೇ, ಕಳೆದ ಮೂರು ವರ್ಷದಲ್ಲಿ ಎಷ್ಟು ಸಭೆ ಸೇರಿದೆ, ಎಷ್ಟು ಅನುದಾನ ಕೊಡಲಾಗಿದೆ? 1960ರ ಕಾಯ್ದೆಯ 11ನೇ ಸೆಕ್ಷನ್ನಿನ ದಂಡ ಹೆಚ್ಚಿಸಲು 254ನೇ ವಿಧಿಯಡಿ ರಾಜ್ಯ ತಿದ್ದುಪಡಿ ತರುವ ಪ್ರಸ್ತಾವ ಸರ್ಕಾರದ ಮುಂದಿದೆಯೇ?

ಗೃಹ ಸಚಿವರಿಗೆ: ಪ್ರಾಣಿಗಳಿಗೆ ವಿಷ ಹಾಕಿದ ಬಗ್ಗೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ ಜಿಲ್ಲೆಯಲ್ಲಿ ಎಷ್ಟು ಎಫ್‌ಐಆರ್ ಆಗಿವೆ, ಎಷ್ಟರಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ?

ಹಿರಿಯ ನಾಗರಿಕರ ಖಾತೆಯ ಸಚಿವರಿಗೆ: ನಮ್ಮ ಉಪವಿಭಾಗದಲ್ಲಿ 2007ರ ಕಾಯ್ದೆಯಡಿ 90 ದಿನ ದಾಟಿದ ಅರ್ಜಿಗಳೆಷ್ಟು? 23ನೇ ಸೆಕ್ಷನ್ ಅಡಿ ರದ್ದಾದ ದಾನಪತ್ರಗಳೆಷ್ಟು?

ಪ್ರಶ್ನೆಗೆ ಕನಿಷ್ಠ ಹದಿನೈದು ದಿನ ಮೊದಲು ನೋಟಿಸ್ ಬೇಕು. ಆದ್ದರಿಂದ ಅಧಿವೇಶನದ ದಿನಾಂಕ ಹೊರಬಿದ್ದ ವಾರವೇ ಕಾಗದ ಅವರ ಕೈಯಲ್ಲಿರಲಿ. ಅದೇ ಕಾಗದದ ಪ್ರತಿಯನ್ನು ನಿಮ್ಮ ಭಾಗದ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೂ ಕಳಿಸಿ. ತೆರಿಗೆಯಲ್ಲಿ ಅವರಿಗೆ ಬಲ ಕಡಿಮೆ ಇರಬಹುದು, ಪ್ರಶ್ನೆ ಕೇಳುವುದರಲ್ಲಿ ಶಾಸಕರಷ್ಟೇ ಹಕ್ಕಿದೆ. ಜೊತೆಗೆ ಅವರ ಬಾಗಿಲಲ್ಲಿ ಜನಜಂಗುಳಿ ಕಡಿಮೆ, ಕಾಗದ ಓದಲು ಸಮಯ ಸಿಗುತ್ತದೆ.